ಸ್ವದೇಶಿ ಚಿಪ್ ಬಂತು, ಲ್ಯಾಪ್‌ಟಾಪ್ ಯಾವಾಗ? ಪೂರ್ಣ ಆಪರೇಟಿಂಗ್ ಸಿಸ್ಟಂ ಓಡಿಸುವ ಕೋರ್‌ನ ಒಳಗುಟ್ಟು

2025ರ ಸೆಪ್ಟೆಂಬರ್ 2ರಂದು ದೆಹಲಿಯಲ್ಲಿ ನಡೆದ ಸೆಮಿಕಾನ್ ಇಂಡಿಯಾ ಸಮಾವೇಶದಲ್ಲಿ ‘ವಿಕ್ರಮ್ 3201’ ಎಂಬ 32 ಬಿಟ್ ಪ್ರೊಸೆಸರನ್ನು ಪ್ರಧಾನಿ ನರೇಂದ್ರ ಮೋದಿ ಅವರಿಗೆ ಹಸ್ತಾಂತರಿಸಲಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಿ-ಡ್ಯಾಕ್ ಸಂಸ್ಥೆಯ 64 ಬಿಟ್ ಪ್ರೊಸೆಸರ್ ‘ಧ್ರುವ್64’ ಸುದ್ದಿಯಾಯಿತು. ಇಂಥ ಸುದ್ದಿ ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ ಒಂದೇ: ಹಾಗಾದರೆ ಈ ಚಿಪ್ ಹಾಕಿದ ಫೋನ್, ಲ್ಯಾಪ್‌ಟಾಪ್ ಯಾವಾಗ ಬರುತ್ತದೆ?

ವಿಕ್ರಮ್ ಮಟ್ಟಿಗೆ ಉತ್ತರ ಸರಳ: ಬರುವುದಿಲ್ಲ. ಅದು ಇಸ್ರೋದ ಉಡಾವಣಾ ವಾಹನಗಳಿಗಾಗಿ ಮಾಡಿದ ಚಿಪ್. ಅದರಲ್ಲಿ ಆಂಡ್ರಾಯ್ಡ್ ಓಡಿಸಬೇಕೆಂದು ಯಾರೂ ಅಂದುಕೊಂಡಿರಲೇ ಇಲ್ಲ. ಧ್ರುವ್64 ಬೇರೆ ಜಾತಿಯದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಇಬ್ಬರಿಗೂ ಅನ್ಯಾಯ. ಈ ಜಾತಿಭೇದ ಗೊತ್ತಾಗುವುದು ಗಿಗಾಹರ್ಟ್ಸ್‌ನಿಂದಲೂ ಅಲ್ಲ, ಬಿಟ್ ಲೆಕ್ಕದಿಂದಲೂ ಅಲ್ಲ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್‌ನಂಥ ಪೂರ್ಣ ಪ್ರಮಾಣದ ಆಪರೇಟಿಂಗ್ ಸಿಸ್ಟಂ ಅನ್ನು ಹೊರುವ ಶಕ್ತಿ ಆ ಕೋರ್‌ಗೆ ಇದೆಯೇ ಎಂಬುದರಿಂದ. ಆ ಶಕ್ತಿ ಇರುವುದನ್ನು ಎಂಜಿನಿಯರುಗಳು ‘ಅಪ್ಲಿಕೇಶನ್ ಕೋರ್’ ಎನ್ನುತ್ತಾರೆ, ಇಲ್ಲದ್ದನ್ನು ‘ಮೈಕ್ರೊಕಂಟ್ರೋಲರ್ ಕೋರ್’ ಎನ್ನುತ್ತಾರೆ.

ಒಂದೇ ಮನೆಯ ಎರಡು ಬೋರ್ಡ್

ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ರಾಸ್ಪ್‌ಬೆರಿ ಪೈ ಹೆಸರು ಕೇಳಿರುತ್ತೀರಿ. 2012ರಲ್ಲಿ ಬಂದ ಮೊದಲ ಪೈ ಬೋರ್ಡ್‌ನಲ್ಲಿ ಇದ್ದದ್ದು 700 ಮೆಗಾಹರ್ಟ್ಸ್‌ನ ಒಂದೇ ಒಂದು ಆರ್ಮ್ ಕೋರ್. ಅದರಲ್ಲಿ ಲಿನಕ್ಸ್ ಡೆಸ್ಕ್‌ಟಾಪ್ ಓಡಿತು. ಬ್ರೌಸರ್ ತೆರೆಯಿತು, ನಿಧಾನಕ್ಕಾದರೂ. ಅದೇ ಬಳಗದವರು 2021ರಲ್ಲಿ ತಂದ ಪೈ ಪಿಕೊ ಬೋರ್ಡ್‌ನಲ್ಲಿ ಎರಡು ಕೋರ್‌ಗಳಿದ್ದವು, ಅವೂ ಆರ್ಮ್ ಕಂಪನಿಯ ವಿನ್ಯಾಸವೇ, ವೇಗ 133 ಮೆಗಾಹರ್ಟ್ಸ್. ಆದರೆ ಅದರಲ್ಲಿ ಮಾಮೂಲಿ ಲಿನಕ್ಸ್ ಓಡುವುದಿಲ್ಲ.

ಮೆಮೊರಿ ಕಡಿಮೆ ಇದ್ದುದಕ್ಕೆ ಹೀಗಾಯಿತೇ? ಪಿಕೊದಲ್ಲಿ ಇರುವುದು ಬರೀ 264 ಕೆಬಿ, ನಿಜ. ಆದರೆ ಮೆಮೊರಿ ಎಷ್ಟು ಸುರಿದರೂ ಅದು ಪೈ ಆಗದು. ವೇಗವೂ ಕಾರಣವಲ್ಲ. ಇಂಟೆಲ್ 1985ರಲ್ಲಿ ಬಿಡುಗಡೆ ಮಾಡಿದ 386 ಪ್ರೊಸೆಸರ್ ಆರಂಭದಲ್ಲಿ ಓಡುತ್ತಿದ್ದುದು 16 ಮೆಗಾಹರ್ಟ್ಸ್‌ನಲ್ಲಿ. ಪಿಕೊದ ಎಂಟನೇ ಒಂದು ಭಾಗದ ವೇಗ! ಆದರೂ ಅದರ ಮೇಲೆ ಯುನಿಕ್ಸ್ ಓಡಿತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯಲು ಕೂತದ್ದೂ ಅಂಥದೇ 386 ಯಂತ್ರದ ಮುಂದೆ. 386ರಲ್ಲಿ ಇದ್ದು ಪಿಕೊದಲ್ಲಿ ಇಲ್ಲದ ಅಂಗ ಯಾವುದು ಎಂದು ಹುಡುಕಿದರೆ ವಿಷಯದ ಮೂಲಕ್ಕೇ ಬಂದಂತೆ. ಅದರ ಹೆಸರು ಮೆಮೊರಿ ಮ್ಯಾನೇಜ್‌ಮೆಂಟ್ ಯುನಿಟ್, ಚಿಕ್ಕದಾಗಿ ಎಂಎಂಯು.

ಎಲ್ಲ ಚಾಳಿನಲ್ಲೂ 12ನೇ ಖೋಲಿ

ಮುಂಬೈನ ಯಾವ ಚಾಳಿಗೆ ಹೋದರೂ 12ನೇ ನಂಬರಿನ ಖೋಲಿ ಇರುತ್ತದೆ. ಪರೇಲ್‌ನ 12 ಬೇರೆ, ಗಿರ್‌ಗಾಂವ್‌ನ 12 ಬೇರೆ. ಚಾಳಿನ ಒಳಗಿದ್ದವರಿಗೆ ‘12ಕ್ಕೆ ಕೊಡು’ ಎಂದರೆ ಸಾಕು, ಊರಿನ ಲೆಕ್ಕ ಬೇಕಿಲ್ಲ. ಯಾವ 12 ಎಂದು ತಿಳಿದಿರಬೇಕಾದವನು ಅಂಚೆಯವನು ಮಾತ್ರ.

ಅಪ್ಲಿಕೇಶನ್ ಕೋರ್‌ನಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಂ ತಾನೊಬ್ಬನೇ ಒಂದು ಚಾಳಿನಲ್ಲಿ ಇದ್ದೇನೆ ಎಂದು ನಂಬಿರುತ್ತದೆ. ವಾಟ್ಸ್‌ಆ್ಯಪ್ ಬಳಸುವ ಮೆಮೊರಿ ವಿಳಾಸವನ್ನೇ ಬ್ಯಾಂಕ್ ಆ್ಯಪ್ ಕೂಡ ಬಳಸಬಹುದು. ಎರಡೂ ಹೋಗಿ ತಲುಪುವ ನಿಜವಾದ ಜಾಗ ಬೇರೆ ಬೇರೆ. ಪ್ರೋಗ್ರಾಂ ಹೇಳುವ ವಿಳಾಸವನ್ನು ಚಿಪ್‌ನ ನಿಜವಾದ ವಿಳಾಸಕ್ಕೆ ಪ್ರತಿ ಸಲವೂ ಬದಲಿಸಿಕೊಡುವ ಅಂಚೆಯವನೇ ಎಂಎಂಯು. ಒಂದು ಆ್ಯಪ್‌ಗೆ ಇನ್ನೊಂದರ ಮೆಮೊರಿಯನ್ನು ಇಣುಕಬೇಕೆಂದರೂ ಆಗುವುದಿಲ್ಲ, ಏಕೆಂದರೆ ಅಲ್ಲಿಗೆ ಹೋಗುವ ವಿಳಾಸವೇ ಅದರ ಕೈಯಲ್ಲಿ ಇಲ್ಲ. ಎಲ್ಲಿಂದಲೋ ಇಳಿಸಿಕೊಂಡ ಟಾರ್ಚ್ ಆ್ಯಪ್ ನಿಮ್ಮ ಯುಪಿಐ ಆ್ಯಪ್‌ನ ಮೆಮೊರಿಯನ್ನು ನೇರವಾಗಿ ಓದಲಾಗದಿರುವುದು ಮೊದಲಿಗೆ ಈ ಕಾರಣಕ್ಕೆ.

ಈ ಕೆಲಸ ಬೈಟ್ ಲೆಕ್ಕದಲ್ಲಿ ನಡೆಯುವುದಿಲ್ಲ, ‘ಪುಟ’ಗಳ ಲೆಕ್ಕದಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಒಂದು ಪುಟವೆಂದರೆ 4 ಕೆಬಿ. 4 ಜಿಬಿ ರ‍್ಯಾಮ್ ಇರುವ ಫೋನ್‌ನಲ್ಲಿ ಇಂಥ ಸುಮಾರು 10.5 ಲಕ್ಷ ಪುಟಗಳು. ಯಾವ ಪುಟ ಯಾರದು, ಅದನ್ನು ಓದಬಹುದೇ, ಬರೆಯಬಹುದೇ ಎಂಬುದನ್ನೆಲ್ಲ ಆಪರೇಟಿಂಗ್ ಸಿಸ್ಟಂ ಒಂದು ಪಟ್ಟಿಯಲ್ಲಿ ಬರೆದಿಟ್ಟಿರುತ್ತದೆ. ಆ ಪಟ್ಟಿಯೂ ಮೆಮೊರಿಯಲ್ಲೇ ಇರುತ್ತದೆ, ಅದೂ ಹಲವು ಮೆಟ್ಟಿಲುಗಳಾಗಿ. ರಿಸ್ಕ್-5 ಕೋರ್‌ಗಳಲ್ಲಿ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಮೂರು ಮೆಟ್ಟಿಲು. ಅಂದರೆ ಒಂದು ವಿಳಾಸ ಹುಡುಕಲು ಮೂರು ಸಲ ಮೆಮೊರಿಗೆ ಹೋಗಿ ಬರಬೇಕು. ಪ್ರತಿ ಸಲ ಹೀಗೆ ಓಡಾಡಿದರೆ ಫೋನ್ ಎತ್ತಿನಗಾಡಿಯಾಗುತ್ತದೆ. ಅದಕ್ಕಾಗಿ ಇತ್ತೀಚೆಗೆ ಹುಡುಕಿದ ವಿಳಾಸಗಳನ್ನು ಕೋರ್ ತನ್ನ ಬಳಿಯೇ ಒಂದು ಸಣ್ಣ ಟಿಪ್ಪಣಿಯಲ್ಲಿ ಇಟ್ಟುಕೊಳ್ಳುತ್ತದೆ. ಅದೇ ಟಿಎಲ್‌ಬಿ.

ಇನ್ನೂ ಜಾಣತನದ ಭಾಗ ಮುಂದಿದೆ. ಪ್ರೋಗ್ರಾಂ ಕೇಳಿದ ಪುಟ ಮೆಮೊರಿಯಲ್ಲಿ ಇಲ್ಲದೇ ಹೋದರೆ? ಕೋರ್ ಆ ಸೂಚನೆಯನ್ನು ಅರ್ಧಕ್ಕೇ ನಿಲ್ಲಿಸಿ ಆಪರೇಟಿಂಗ್ ಸಿಸ್ಟಂಗೆ ಕರೆ ಕೊಡಬೇಕು. ಅದು ಬಂದು ಪುಟವನ್ನು ಡಿಸ್ಕ್‌ನಿಂದ ತಂದು ಇಡುತ್ತದೆ. ಆಮೇಲೆ ಕೋರ್ ಏನೂ ಆಗೇ ಇಲ್ಲವೆಂಬಂತೆ ಅದೇ ಸೂಚನೆಯಿಂದ ಮುಂದುವರಿಯಬೇಕು. ಹೇಳಲು ಸುಲಭ, ಮಾಡಲು ಕಷ್ಟ. 1979ರಲ್ಲಿ ಬಂದ ಮೊಟೊರೊಲಾ 68000 ಆ ಕಾಲಕ್ಕೆ ಬಹಳ ಮೆಚ್ಚುಗೆ ಪಡೆದ ಪ್ರೊಸೆಸರ್. ಆದರೆ ಅರ್ಧಕ್ಕೆ ನಿಂತ ಸೂಚನೆಯನ್ನು ಸರಿಯಾಗಿ ಮತ್ತೆ ಶುರುಮಾಡಲು ಅದಕ್ಕೆ ಬರುತ್ತಿರಲಿಲ್ಲ. ಅಮೆರಿಕದ ಅಪೊಲೊ ಕಂಪ್ಯೂಟರ್ ಕಂಪನಿ ಇದಕ್ಕೆ ಕಂಡುಕೊಂಡ ಉಪಾಯ ನೋಡಿ: ಒಂದೇ ಯಂತ್ರದಲ್ಲಿ ಎರಡು 68000 ಚಿಪ್ ಕೂರಿಸಿತು. ಒಂದು ಪುಟ ಸಿಗದೆ ನಿಂತರೆ, ಇನ್ನೊಂದು ಓಡಿಹೋಗಿ ಪುಟ ತರುವುದು! ಮೊಟೊರೊಲಾ ಮುಂದಿನ 68010ರಲ್ಲಿ ಈ ದೋಷ ಸರಿಪಡಿಸಿತು. ಅಂದಹಾಗೆ ಈ ಪುಟಗಳ ಕಲ್ಪನೆ ಚಿಪ್‌ಗಳಿಗಿಂತ ಹಳೆಯದು. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಟ್ಲಾಸ್ ಕಂಪ್ಯೂಟರ್‌ನಲ್ಲೇ ಅದು ಕೆಲಸ ಮಾಡುತ್ತಿತ್ತು.

ಎಂಎಂಯು ಇಲ್ಲದೆ ಲಿನಕ್ಸ್ ಸಾಧ್ಯವೇ ಇಲ್ಲವೇ ಎಂದು ತಿಳಿದವರು ತಕರಾರು ತೆಗೆಯಬಹುದು. ಯುಸಿ-ಲಿನಕ್ಸ್ ಎಂಬ ರೂಪ 1998ರಿಂದ ಇದೆ, ಅದು ಎಂಎಂಯು ಇಲ್ಲದ ಚಿಪ್‌ಗಳಿಗಾಗಿಯೇ ಹುಟ್ಟಿದ್ದು. ಆದರೆ ಅಲ್ಲಿ ಗೋಡೆಗಳಿಲ್ಲದ ಮನೆಯಲ್ಲಿ ಎಲ್ಲರೂ ನಂಬಿಕೆಯ ಮೇಲೆ ಬದುಕಬೇಕು. ಒಂದು ಪ್ರೋಗ್ರಾಂ ತಪ್ಪಿದರೆ ಇಡೀ ಯಂತ್ರವೇ ಕೆಳಗೆ. ಅದನ್ನು ಪೂರ್ಣ ಆಪರೇಟಿಂಗ್ ಸಿಸ್ಟಂ ಎನ್ನುವುದು ಕಷ್ಟ.

ಯಜಮಾನಿಕೆ ಯಾರದ್ದು

ಗೋಡೆ ಕಟ್ಟಿದರೆ ಸಾಲದು, ಗೋಡೆ ಸರಿಸುವ ಅಧಿಕಾರ ಎಲ್ಲರಿಗೂ ಇರಬಾರದು. ಪುಟಗಳ ಪಟ್ಟಿಯನ್ನು ಆ್ಯಪ್ ತಾನೇ ತಿದ್ದುವಂತಿದ್ದರೆ ಎಂಎಂಯು ಇದ್ದೂ ವ್ಯರ್ಥ. ಆದ್ದರಿಂದ ಅಪ್ಲಿಕೇಶನ್ ಕೋರ್‌ನಲ್ಲಿ ಅಧಿಕಾರದ ಹಂತಗಳಿರುತ್ತವೆ. ಆ್ಯಪ್‌ಗಳು ಓಡುವುದು ಕೆಳಗಿನ ಹಂತದಲ್ಲಿ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಓಡುವುದು ಮೇಲಿನ ಹಂತದಲ್ಲಿ. ರಿಸ್ಕ್-5ರಲ್ಲಿ ಇವಕ್ಕೆ ಯೂಸರ್, ಸೂಪರ್‌ವೈಸರ್, ಮಷಿನ್ ಎಂಬ ಹೆಸರು. ಆರ್ಮ್‌ನ ಇಂದಿನ ವಿನ್ಯಾಸದಲ್ಲಿ ಸೊನ್ನೆಯಿಂದ ಮೂರರವರೆಗೆ ನಾಲ್ಕು ಹಂತ. ಇಂಟೆಲ್‌ನವರು ಇವನ್ನು ರಿಂಗ್ ಎನ್ನುತ್ತಾರೆ. ನಾಲ್ಕು ಕೊಟ್ಟರು, ವಿಂಡೋಸ್ ಮತ್ತು ಲಿನಕ್ಸ್ ಬಳಸಿದ್ದು ಎರಡನ್ನೇ. ಫೈಲ್ ತೆರೆಯಬೇಕು, ಕ್ಯಾಮೆರಾ ಬೇಕು, ನೆಟ್‌ವರ್ಕ್ ಬೇಕು ಎಂದರೆ ಆ್ಯಪ್ ಕರ್ನಲ್‌ಗೆ ಅರ್ಜಿ ಹಾಕಬೇಕು. ಅರ್ಜಿ ನೋಡಿ ಕೊಡುವುದು, ಬಿಡುವುದು ಕರ್ನಲ್‌ಗೆ ಬಿಟ್ಟದ್ದು.

ಆ್ಯಪ್ ಒಂದು ಸುತ್ತಿಗೆ ಸಿಕ್ಕಿ ಕೋರ್ ಬಿಟ್ಟುಕೊಡದೇ ಕುಳಿತರೆ? ಅದಕ್ಕೆ ಟೈಮರ್ ಇದೆ. ಗೊತ್ತಾದ ಸಮಯಕ್ಕೆ ಗಂಟೆ ಬಾರಿಸಿ ಕೋರ್ ಅನ್ನು ಕರ್ನಲ್ ಕೈಗೆ ವಾಪಸ್ ಕೊಡುವ ಈ ವ್ಯವಸ್ಥೆಯನ್ನು ತಡೆಯುವ ಅಧಿಕಾರ ಆ್ಯಪ್‌ಗೆ ಇಲ್ಲ. ಇನ್ನು ಕ್ಯಾಶ್, ಹಲವು ಕೋರ್‌ಗಳ ನಡುವೆ ಲೆಕ್ಕ ತಪ್ಪದಂತೆ ನೋಡಿಕೊಳ್ಳುವ ಏರ್ಪಾಡು, ಇಬ್ಬರು ಒಂದೇ ಬೀಗಕ್ಕೆ ಕೈ ಹಾಕದಂತೆ ತಡೆಯುವ ವಿಶೇಷ ಸೂಚನೆಗಳು, ಇವೂ ಬೇಕು. ಆದರೆ ಎಂಎಂಯು, ಅಧಿಕಾರದ ಹಂತ, ಟೈಮರ್ ಈ ಮೂರು ಇಲ್ಲದಿದ್ದರೆ ಉಳಿದದ್ದೆಲ್ಲ ಅಲಂಕಾರ.

ಎಂಎಂಯು ಬೇಡವೆನ್ನುವವರೂ ಇದ್ದಾರೆ

ಹಾಗೆಂದು ಮೈಕ್ರೊಕಂಟ್ರೋಲರ್ ಎಂದರೆ ಕೀಳು ಎಂದಲ್ಲ. ಕಾರಿನ ಏರ್‌ಬ್ಯಾಗ್ ಯಾವ ಕ್ಷಣಕ್ಕೆ ಬಿಚ್ಚಿಕೊಳ್ಳಬೇಕೋ ಆ ಕ್ಷಣಕ್ಕೇ ಬಿಚ್ಚಿಕೊಳ್ಳಬೇಕು. ಪುಟ ಹುಡುಕಲು ಹೋಗಿದ್ದೆ, ಸ್ವಲ್ಪ ತಡವಾಯಿತು ಎಂಬ ಸಬೂಬು ಅಲ್ಲಿ ನಡೆಯದು. ಪೂರ್ಣ ಆಪರೇಟಿಂಗ್ ಸಿಸ್ಟಂ ಓಡಿಸುವ ಕೋರ್ ಸರಾಸರಿಯಲ್ಲಿ ಬಲು ವೇಗ, ಆದರೆ ಒಂದು ಕೆಲಸಕ್ಕೆ ಕರಾರುವಾಕ್ಕಾಗಿ ಎಷ್ಟು ಸಮಯ ಹಿಡಿಯುತ್ತದೆ ಎಂದು ಹೇಳುವುದು ಅದಕ್ಕೆ ಕಷ್ಟ. ಟಿಎಲ್‌ಬಿಯಲ್ಲಿ ವಿಳಾಸ ಸಿಕ್ಕರೆ ಒಂದು ಲೆಕ್ಕ, ಸಿಗದಿದ್ದರೆ ಇನ್ನೊಂದು.

ಆರ್ಮ್ ಕಂಪನಿ ತನ್ನ ಕಾರ್ಟೆಕ್ಸ್ ಸಾಲನ್ನು ಮೂರಾಗಿ ಒಡೆದದ್ದು ಇದೇ ಕಾರಣಕ್ಕೆ. ‘ಎ’ ಎಂದರೆ ಅಪ್ಲಿಕೇಶನ್, ‘ಆರ್’ ಎಂದರೆ ಕ್ಷಣ ತಪ್ಪದೆ ನಡೆಯಬೇಕಾದ ರಿಯಲ್-ಟೈಮ್ ಕೆಲಸ, ‘ಎಂ’ ಎಂದರೆ ಮೈಕ್ರೊಕಂಟ್ರೋಲರ್. ಮೂರೂ ಅಕ್ಷರ ಸೇರಿಸಿ ಓದಿದರೆ ಕಂಪನಿಯ ಹೆಸರೇ ಬರುತ್ತದೆ. ಕಾರ್ಟೆಕ್ಸ್-ಎ53 ಎಂದು ಕಂಡರೆ ಅದರಲ್ಲಿ ಲಿನಕ್ಸ್ ಓಡುತ್ತದೆ, ಕಾರ್ಟೆಕ್ಸ್-ಎಂ0 ಎಂದು ಕಂಡರೆ ಓಡುವುದಿಲ್ಲ. ಚಿಪ್‌ನ ಹೆಸರಿನಲ್ಲೇ ಇಷ್ಟು ಮಾಹಿತಿ ಸಿಗುವುದು ಅಪರೂಪ. ನಿಮ್ಮ ಫೋನ್‌ನ ಒಳಗೇ ಎರಡೂ ಜಾತಿಯವು ಇವೆ: ಜಾಹೀರಾತಿನಲ್ಲಿ ಹೇಳುವ ‘ಆಕ್ಟಾ ಕೋರ್’ನ ಎಂಟೂ ಅಪ್ಲಿಕೇಶನ್ ಕೋರ್‌ಗಳು; ಹೆಜ್ಜೆ ಎಣಿಸುವುದು, ಬ್ಯಾಟರಿ ಚಾರ್ಜ್ ಗಮನಿಸುವುದು ಮುಂತಾದ ಚಿಲ್ಲರೆ ಕೆಲಸಗಳಿಗೆ ಹೆಸರಿಲ್ಲದ ಸಣ್ಣ ಕೋರ್‌ಗಳು.

ಗೋಡೆಯಲ್ಲಿ ಬಿರುಕು

2018ರ ಜನವರಿ 3ರಂದು ಹೊರಬಿದ್ದ ಸುದ್ದಿ ಈ ಗೋಡೆಗಳ ಮೇಲಿನ ನಂಬಿಕೆಯನ್ನೇ ಅಲುಗಿಸಿತು. ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಎರಡು ದೋಷಗಳು. ಇವು ಸಾಫ್ಟ್‌ವೇರ್‌ನಲ್ಲಿ ಇರಲಿಲ್ಲ, ಕೋರ್‌ನ ವಿನ್ಯಾಸದಲ್ಲೇ ಇದ್ದವು.

ದರ್ಶಿನಿ ಹೋಟೆಲಿನ ಕೌಂಟರಿನವನು ಖಾಯಂ ಗಿರಾಕಿಯ ಮುಖ ಕಂಡೊಡನೆ, ಟೋಕನ್ ಬರುವ ಮೊದಲೇ ಕಾಫಿ ಬೆರೆಸಿಟ್ಟಿರುತ್ತಾನೆ. ಊಹೆ ಸರಿಯಾದರೆ ಸಮಯ ಉಳಿಯಿತು, ತಪ್ಪಾದರೆ ಚೆಲ್ಲಿದರಾಯಿತು. ವೇಗದ ಕೋರ್‌ಗಳು ಮಾಡುವುದೂ ಇದನ್ನೇ. ಮುಂದೆ ಯಾವ ಸೂಚನೆ ಬರಬಹುದೆಂದು ಊಹಿಸಿ ಮೊದಲೇ ಮಾಡಿಟ್ಟಿರುತ್ತವೆ, ಊಹೆ ತಪ್ಪಿದರೆ ಫಲಿತಾಂಶ ಬಿಸಾಡುತ್ತವೆ. ಆದರೆ ಚೆಲ್ಲಿದ ಕಾಫಿಯ ವಾಸನೆ ಉಳಿಯುತ್ತದಲ್ಲ? ಊಹೆಯ ಭರದಲ್ಲಿ ಕೋರ್ ಮುಟ್ಟಿದ ಮಾಹಿತಿಯ ಗುರುತು ಕ್ಯಾಶ್‌ನಲ್ಲಿ ಉಳಿಯುತ್ತಿತ್ತು. ಎಷ್ಟು ಬೇಗ ಉತ್ತರ ಬಂತು ಎಂದು ಅಳೆದು ಆ ಗುಟ್ಟನ್ನು ಊಹಿಸಬಹುದಿತ್ತು. ಮೆಲ್ಟ್‌ಡೌನ್‌ನಲ್ಲಂತೂ ಕೆಳಗಿನ ಹಂತದ ಪ್ರೋಗ್ರಾಂ ಒಂದು ಕರ್ನಲ್‌ನ ಮೆಮೊರಿಯನ್ನೇ ಓದಬಹುದಿತ್ತು. ಇಂಟೆಲ್ ಪ್ರೊಸೆಸರ್‌ಗಳಿಗೆ ದೊಡ್ಡ ಪೆಟ್ಟು ಬಿತ್ತು, ಆರ್ಮ್‌ನ ಕಾರ್ಟೆಕ್ಸ್-ಎ75 ಕೂಡ ಸಿಕ್ಕಿಬಿತ್ತು. ಒಂದೇ ಯಂತ್ರದಲ್ಲಿ ಹತ್ತಾರು ಗ್ರಾಹಕರನ್ನು ಕೂರಿಸಿದ್ದ ಕ್ಲೌಡ್ ಕಂಪನಿಗಳು ತರಾತುರಿಯಲ್ಲಿ ತೇಪೆ ಹಾಕಿದವು. ತೇಪೆಯಿಂದ ವೇಗ ಸ್ವಲ್ಪ ಇಳಿಯಿತು.

ಆಗ ಬಚಾವಾದವರು ಯಾರು ಗೊತ್ತೇ? ರಾಸ್ಪ್‌ಬೆರಿ ಪೈ ಮಾಲೀಕರು. ಅಂದಿನ ಪೈ 3ರಲ್ಲಿದ್ದ ಕಾರ್ಟೆಕ್ಸ್-ಎ53 ಸೂಚನೆಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ನಡೆಸುವ ಸಾಧು ಕೋರ್. ಅತಿಯಾಗಿ ಊಹಿಸುವ ಚಟ ಅದಕ್ಕಿರಲಿಲ್ಲ. ಅಗ್ಗದ ಫೋನ್‌ಗಳಲ್ಲಿ ವರ್ಷಗಟ್ಟಲೆ ದುಡಿದ ಕೋರ್ ಅದು.

ಹೊತ್ತದ್ದನ್ನು ಎಷ್ಟು ದಿನ ಹೊರಬಹುದು

ಒಂದು ಕಾಲಕ್ಕೆ ಪೂರ್ಣ ಆಪರೇಟಿಂಗ್ ಸಿಸ್ಟಂ ಹೊತ್ತ ಕೋರ್ ಸದಾ ಹೊರುತ್ತದೆ ಎನ್ನುವಂತಿಲ್ಲ. ಲಿನಕ್ಸ್ ಹುಟ್ಟಿದ್ದು 386ರ ಮೇಲೆ. ಆದರೆ 2013ರ ಆರಂಭದಲ್ಲಿ ಬಂದ 3.8ನೇ ಆವೃತ್ತಿಯಿಂದ ಅದೇ 386ಕ್ಕೆ ಬೆಂಬಲ ನಿಂತಿತು. ತೊಟ್ಟಿಲು ತೂಗಿದವನನ್ನೇ ಮನೆಯಿಂದ ಕಳಿಸಿದಂತೆ. ಆ್ಯಪಲ್ 2013ರಲ್ಲಿ ಐಫೋನ್ 5ಎಸ್ ಮೂಲಕ 64 ಬಿಟ್‌ಗೆ ಬಂತು, 2017ರ ಐಓಎಸ್ 11ರಲ್ಲಿ 32 ಬಿಟ್ ಆ್ಯಪ್‌ಗಳಿಗೆ ಬಾಗಿಲು ಹಾಕಿತು. 2021ರ ವಿಂಡೋಸ್ 11 ಟಿಪಿಎಂ 2.0 ಇರಬೇಕು, ಇಂತಿಂಥ ಪ್ರೊಸೆಸರ್ ಮಾತ್ರ ಎಂದು ಪಟ್ಟಿ ಹಿಡಿದು ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ, ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳು ಮುಂದಿನ ಬಸ್ ಹತ್ತಲಾಗದೆ ನಿಂತವು. ಕೋರ್ ಕೆಟ್ಟಿರಲಿಲ್ಲ, ಆಪರೇಟಿಂಗ್ ಸಿಸ್ಟಂನ ನಿರೀಕ್ಷೆ ಬದಲಾಗಿತ್ತು.

ಹೊಸಬರಿಗೂ ಇದೇ ಕಷ್ಟ. 2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ರಿಸ್ಕ್-5, ಪರವಾನಗಿ ಶುಲ್ಕವಿಲ್ಲದೆ ಯಾರು ಬೇಕಾದರೂ ಬಳಸಬಹುದಾದ ಸೂಚನೆಗಳ ಕಟ್ಟು. ಸ್ವಾತಂತ್ರ್ಯ ಹೆಚ್ಚಾದಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಒಬ್ಬರ ಚಿಪ್‌ನಲ್ಲಿ ಇರುವ ಸೂಚನೆ ಇನ್ನೊಬ್ಬರಲ್ಲಿ ಇಲ್ಲದಿದ್ದರೆ ಆಪರೇಟಿಂಗ್ ಸಿಸ್ಟಂ ಬರೆಯುವವರು ಏನು ಮಾಡಬೇಕು? ಅದಕ್ಕಾಗಿ 2024ರಲ್ಲಿ ಆರ್‌ವಿಎ23 ಎಂಬ ಕನಿಷ್ಠ ಪಟ್ಟಿ ಅಂತಿಮವಾಯಿತು. ಉಬುಂಟು ತನ್ನ 25.10 ಆವೃತ್ತಿಯಿಂದ ಆ ಪಟ್ಟಿಯನ್ನೇ ಕಡ್ಡಾಯ ಮಾಡಿತು. ಅಷ್ಟರಲ್ಲಿ ಮಾರುಕಟ್ಟೆಯಲ್ಲಿದ್ದ ಬಹುತೇಕ ರಿಸ್ಕ್-5 ಬೋರ್ಡ್‌ಗಳು ಆ ಮಟ್ಟ ಮುಟ್ಟಿರಲಿಲ್ಲ. ‘ಲಿನಕ್ಸ್ ಓಡುತ್ತದೆ’ ಎಂಬ ಮಾತಿಗೂ ‘ಇಂದಿನ ಲಿನಕ್ಸ್ ಓಡುತ್ತದೆ’ ಎಂಬ ಮಾತಿಗೂ ನಡುವೆ ಇಷ್ಟು ಅಂತರ.

ನಮ್ಮ ಕೋರ್‌ಗಳು ಎಲ್ಲಿವೆ

ಭಾರತದ ಹಲವು ಪ್ರಯತ್ನಗಳು ಈ ರಿಸ್ಕ್-5 ದಾರಿಯಲ್ಲಿ ಸಾಗಿವೆ. ಚೆನ್ನೈನ ಐಐಟಿ ಮದ್ರಾಸ್‌ನಲ್ಲಿ ಪ್ರೊ. ವಿ. ಕಾಮಕೋಟಿ ಅವರ ತಂಡ ಕಟ್ಟಿದ ‘ಶಕ್ತಿ’ ಕುಟುಂಬದಲ್ಲಿ ಜಾತಿಭೇದ ಸ್ಪಷ್ಟವಾಗಿದೆ: ಇ-ಕ್ಲಾಸ್ ಸಣ್ಣ ಸಾಧನಗಳಿಗೆ, ಸಿ-ಕ್ಲಾಸ್ ಎಂಎಂಯು ಸಹಿತ ಲಿನಕ್ಸ್ ಓಡಿಸಲು. 2018ರಲ್ಲಿ ಈ ತಂಡದ ವಿನ್ಯಾಸದ 300 ಚಿಪ್‌ಗಳನ್ನು ಇಂಟೆಲ್ ತನ್ನ ಅಮೆರಿಕದ ಆರೆಗಾನ್ ಘಟಕದಲ್ಲಿ 22 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ಮಾಡಿಕೊಟ್ಟಿತು, ಅದರಲ್ಲಿ ಲಿನಕ್ಸ್ ಬೂಟ್ ಆಯಿತು. 2025ರ ಫೆಬ್ರವರಿಯಲ್ಲಿ ಪ್ರಕಟವಾದ ‘ಐರಿಸ್’ ಕೂಡ ಶಕ್ತಿ ಕುಟುಂಬದ್ದೇ. ಆದರೆ ಇಸ್ರೋ ಜತೆ ಮಾಡಿದ ಆ 64 ಬಿಟ್ ಚಿಪ್‌ನ ಕೆಲಸ ಬಾಹ್ಯಾಕಾಶ ಯಂತ್ರಗಳ ನಿಯಂತ್ರಣ. ಅದರ ತಯಾರಿಕೆ ಪಂಜಾಬಿನ ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ, ಪ್ಯಾಕೇಜಿಂಗ್ ಕರ್ನಾಟಕದಲ್ಲಿ ನಡೆಯಿತು.

ತಿರುವನಂತಪುರದ ಸಿ-ಡ್ಯಾಕ್‌ನ ‘ವೇಗಾ’ ಸಾಲಿನಲ್ಲೂ ಇದೇ ಕಥೆ. 32 ಬಿಟ್‌ನ ‘ತೇಜಸ್32’ 256 ಕೆಬಿ ಮೆಮೊರಿಯ ಮೈಕ್ರೊಕಂಟ್ರೋಲರ್; ಅದನ್ನು ಹಾಕಿದ ಏರೀಸ್ ಬೋರ್ಡ್‌ಗಳು ವಿದ್ಯಾರ್ಥಿಗಳ ಕೈಗೆ ಬಂದಿವೆ. ಧ್ರುವ್64 ಎರಡು ಕೋರ್, 1 ಗಿಗಾಹರ್ಟ್ಸ್, 64 ಬಿಟ್. ಇದು ಪೂರ್ಣ ಆಪರೇಟಿಂಗ್ ಸಿಸ್ಟಂನ ಜಾತಿಗೆ ಸೇರಿದ್ದು. ಆದರೆ ಸರ್ಕಾರವೇ ಹೇಳಿರುವ ಬಳಕೆ ನೋಡಿದರೆ 5ಜಿ ಉಪಕರಣ, ವಾಹನ, ಕಾರ್ಖಾನೆಯ ಯಂತ್ರಗಳು ಮುಂತಾದವು. ಇಂದಿನ ಮಧ್ಯಮ ದರ್ಜೆಯ ಫೋನ್‌ನಲ್ಲಿ ಸಾಮಾನ್ಯವಾಗಿ ಎಂಟು ಕೋರ್‌ಗಳಿವೆ, ಅವುಗಳಲ್ಲಿ ಕೆಲವು 2 ಗಿಗಾಹರ್ಟ್ಸ್ ದಾಟುತ್ತವೆ ಎಂಬುದನ್ನು ನೆನೆದರೆ ದೂರ ಎಷ್ಟೆಂದು ತಿಳಿಯುತ್ತದೆ.

ದೂರ ಇರುವುದು ಕೋರ್‌ನಲ್ಲಿ ಮಾತ್ರವಲ್ಲ. ಕೋರ್ ಎಂಬುದು ಚಿಪ್‌ನ ಒಂದು ಭಾಗ ಅಷ್ಟೇ. ಚಿತ್ರ ಮೂಡಿಸುವ ಜಿಪಿಯು ಬೇಕು, ವೇಗದ ರ‍್ಯಾಮ್ ಜತೆ ಮಾತಾಡುವ ಭಾಗ ಬೇಕು, ವಿಡಿಯೊ ಬಿಚ್ಚುವ ಭಾಗ ಬೇಕು, ಫೋನ್ ಆದರೆ ಮೋಡೆಮ್ ಬೇಕು. ಪ್ರತಿಯೊಂದಕ್ಕೂ ಡ್ರೈವರ್ ಬರೆಯಬೇಕು, ಅದು ಲಿನಕ್ಸ್‌ನ ಮೂಲ ಕಣಜಕ್ಕೆ ಸೇರಬೇಕು, ವರ್ಷಾನುಗಟ್ಟಲೆ ಯಾರಾದರೂ ಅದನ್ನು ನೋಡಿಕೊಳ್ಳುತ್ತಿರಬೇಕು. ಆರ್ಮ್, ಇಂಟೆಲ್‌ನಂಥ ಕಂಪನಿಗಳ ಕೋರ್ ವಿನ್ಯಾಸ ಮತ್ತು ಪರೀಕ್ಷೆಯಲ್ಲಿ ಬೆಂಗಳೂರಿನ ಎಂಜಿನಿಯರುಗಳ ದುಡಿಮೆ ಬಹಳ ವರ್ಷಗಳಿಂದ ಇದೆ, ಕೈಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಈ ದೀರ್ಘಕಾಲದ ಉಸ್ತುವಾರಿಗೆ ಹಣ ಹಾಕುವವರದ್ದು. ಉದ್ಘಾಟನೆಯ ಫೋಟೊ ಅಲ್ಲಿ ಸಿಗುವುದಿಲ್ಲವಲ್ಲ.

ಆದ್ದರಿಂದ ಮುಂದಿನ ಸಲ ಸ್ವದೇಶಿ ಚಿಪ್ ಸುದ್ದಿ ಓದುವಾಗ ಬಿಟ್ ಎಷ್ಟು ಎಂಬುದಕ್ಕಿಂತ ಮೊದಲು ನೋಡಬೇಕಾದದ್ದು ಎಂಎಂಯು ಇದೆಯೇ ಎಂದು. ಇದ್ದರೆ ಯಾವ ಲಿನಕ್ಸ್ ಆವೃತ್ತಿ ಓಡಿಸಿ ತೋರಿಸಿದರು, ಅದು ಮಾರುಕಟ್ಟೆಯ ಸಾಮಾನ್ಯ ಆವೃತ್ತಿಯೋ ತಂಡವೇ ತಿದ್ದಿಕೊಂಡದ್ದೋ, ಚಿಪ್ ಎಲ್ಲಿ ಎಷ್ಟು ನ್ಯಾನೋಮೀಟರ್‌ನಲ್ಲಿ ತಯಾರಾಯಿತು ಎಂಬುದನ್ನು ಗಮನಿಸಬೇಕು. ಸಿ-ಡ್ಯಾಕ್ ಈಗ ‘ಧನುಷ್64’ ಎಂಬ ಮುಂದಿನ ಚಿಪ್ ಅಭಿವೃದ್ಧಿಪಡಿಸುತ್ತಿದೆ. ಅದು ಬಂದಾಗ ಈ ಪ್ರಶ್ನೆಗಳನ್ನು ಅದರ ಮುಂದೆ ಇಟ್ಟು ನೋಡಬಹುದು.